ಕುದುರೆ ಏರಿದವರೆಲ್ಲಾ ಮಯೂರರಲ್ಲ!

ಬನಹಟ್ಟಿಯಿಂದ ಒಬ್ಬ ತಮ್ಮ ಕಾಗದ ಬರೆದಿದ್ದಾನೆ. ಹೆಸರು ಹಾಕಬ್ಯಾಡ್ರಿ ಅಂದಿದ್ದಾನೆ, ಹಾಕೋದಿಲ್ಲ. ಮಗ್ಗದ ಮೇಲೆ ಕೂಲಿ, ವಯಸ್ಸು 22. ಕಾಗದ ಹೀಗಿದೆ:

"ಅಣ್ಣಾರ, ನನಗ ಕುದರಿ ಹತ್ತಾಕ ಬರ್ತೈತಿ. ಜೀನ ಇಲ್ಲದನೂ ಓಡಸ್ತೀನಿ. ಇನ್ನ ಮುಂದಿನ ಪಾಠ ಬೇಕು. ಬೆಂಗಳೂರಾಗ ಎಲ್ಲಿ ಕಲಸ್ತಾರ ಹೇಳ್ರಿ. ಕೂಲಿಯೊಳಗ ಉಳಿಸಿದ್ದು 50,000 ರೂಪಾಯಿ ಐತಿ. ಮಗ್ಗ ಬಿಟ್ಟು ಬರಲೇನು? ಸಿನಿಮಾದಾಗ ಕುದರಿ ಮ್ಯಾಲಿನ ಫೈಟರ್ ಆಗಬೇಕಂತ ಭಾಳ ಆಸೆ ಐತ್ರಿ."

ಈ ಪುಟಕ್ಕೆ ಬರುವ ಕಾಗದಗಳಲ್ಲಿ ಬಹುಪಾಲು ನಾಯಕಿಯ ವಯಸ್ಸು ಕೇಳುವಂಥವು, ಇಲ್ಲವೇ ನಾಯಕನ ಮುಂದಿನ ಚಿತ್ರ ಯಾವುದು ಎಂದು ಕೇಳುವಂಥವು. ಅವಕ್ಕೆ ಒಂದು ಸಾಲಿನ ಉತ್ತರ ಸಾಕು. ಇದಕ್ಕೆ ಸಾಲದು. ಒಬ್ಬ ಹುಡುಗನ ವರ್ಷಗಟ್ಟಲೆ ದುಡಿಮೆ, ಮೇಲಾಗಿ ಅವನ ಬೆನ್ನುಮೂಳೆ, ಎರಡೂ ಈ ಪ್ರಶ್ನೆಯಲ್ಲಿವೆ. ಹಾಗಾಗಿ ಈ ವಾರದ ಅಂಕಣವೆಲ್ಲಾ ಅವನಿಗೇ ಮೀಸಲು. ಉಳಿದ ವಾಚಕ ಮಹಾಶಯರು ಸಿಟ್ಟಾಗಬೇಡಿ, ಇದರಲ್ಲಿ ನಿಮಗೂ ಪಾಲುಂಟು!

ತಮ್ಮಾ, ನಾನೂ ನಿಮ್ಮ ಕಡೆಯವನೇ. ಜಮಖಂಡಿ ತಾಲೂಕಿನ ಸಾವಳಗಿ. ನಮ್ಮಲ್ಲಿ ಕುದುರೆ ಎಂದರೆ ಯಾರದು ಹೇಳು? ಸಂಸ್ಥಾನಗಳ ಕುದುರೆ 1948ರಲ್ಲಿ ಸಂಸ್ಥಾನಗಳ ಜೊತೆಗೇ ಹೋದವು. ಜಮಖಂಡಿಯ ಪಟವರ್ಧನರ ರಾಮತೀರ್ಥದ ಅರಮನೆಗೆ ಹೋದರೆ ಇವತ್ತು ಗುಡ್ಡ ಸಿಗುತ್ತದೆ, ಗಾಳಿ ಸಿಗುತ್ತದೆ, ಅಷ್ಟೆ. (ಮುಧೋಳದ ಘೋರ್ಪಡೆಯವರ ಹೆಸರಿನಲ್ಲಿ 'ಘೋಡಾ' ಇದೆ ಎಂದು ಅನೇಕರು ತಿಳಿದಿದ್ದಾರೆ. ಇಲ್ಲ ಸ್ವಾಮೀ, ಅದು ಉಡ!) ನಮ್ಮ ಪಾಲಿಗೆ ಉಳಿದದ್ದು ಕುರುಬರ ತಟ್ಟು. ಕುರಿ ಹಿಂಡಿನ ಹಿಂದೆ ಗುಡಾರ, ಗಡಿಗೆ, ಕಂಬಳಿ, ಎಳೇ ಮರಿ ಎಲ್ಲಾ ಹೊತ್ತುಕೊಂಡು ಬರುತ್ತದಲ್ಲ, ಆ ಸಣ್ಣ ಕುದುರೆ. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಿದಾಗ ಕುರುಬರ ಯಜಮಾನನಿಗೆ ಒಂದು ಬೀಡಿ ಕಟ್ಟು ಕೊಟ್ಟರೆ ಸಂಜೆತನಕ ತಟ್ಟು ನಮ್ಮದು. ಜೀನಿಲ್ಲ, ರಿಕಾಪಿಲ್ಲ, ಕಡಿವಾಣದ ಜಾಗದಲ್ಲಿ ಒಂದು ಸೆಣಬಿನ ಹಗ್ಗ. ಕುತ್ತಿಗೆ ಕೂದಲು ಹಿಡಿದು ಹಾರಿ ಕೂತು, ಹಿಮ್ಮಡಿಯಿಂದ ಒಂದು ಒದ್ದರೆ ಕರೀ ಮಣ್ಣಿನ ಮೇಲೆ ದೌಡೋ ದೌಡು! ಜಮಖಂಡಿಯ ಟಾಕೀಸಿನಲ್ಲಿ ಮತ್ತೊಮ್ಮೆ ಬಂದ 'ಮಯೂರ' ನೋಡಿ ಬಂದ ಮೇಲಂತೂ ಕೇಳಲೇ ಬೇಡ. 1975ರ ಚಿತ್ರ ಅದು, ನಾವು ನೋಡಿದ್ದು ಎಷ್ಟನೇ ಬಿಡುಗಡೆಯೋ! ಅಣ್ಣಾವ್ರು ಕುದುರೆ ಮೇಲೆ ಹೊರಟರೆ ಇಡೀ ಟಾಕೀಸು ಕುದುರೆ ಮೇಲೆ ಹೊರಟಂತೆ. ಮರುದಿನ ಊರ ಹುಡುಗರೆಲ್ಲಾ ಕದಂಬರು.

ಅಷ್ಟು ಬಲ್ಲವನಾಗಿ ನಾನು ಬೆಂಗಳೂರಿಗೆ ಬಂದೆ. ನೌಕರಿಗೆ ಬಂದದ್ದು, ಕುದುರೆಗಲ್ಲ. ಆದರೆ ಊರು ಬಿಟ್ಟವನಿಗೆ ಊರಿನ ಒಂದಾದರೂ ಚಟ ಬೇಕಲ್ಲ! ಮೊದಲ ಆರು ತಿಂಗಳು ಭಾನುವಾರವಾದರೆ ಸಾಕು, ಸಿಟಿ ಬಸ್ಸು ಹತ್ತಿ ಕುದುರೆ ಹುಡುಕುವುದು. "ಮುಂದಿನ ಪಾಠ ಎಲ್ಲಿ ಹೇಳಿಕೊಡ್ತಾರ?" ಎಂದು ಕೇಳಿದರೆ ಒಬ್ಬರು ರೇಸ್ ಕೋರ್ಸ್ ತೋರಿಸಿದರು, ಇನ್ನೊಬ್ಬರು ಮದುವೆ ದಿಬ್ಬಣಕ್ಕೆ ಬಿಳೀ ಕುದುರೆ ಬಾಡಿಗೆ ಕೊಡುವವರ ಓಣಿ ತೋರಿಸಿದರು. ಊರ ಹೊರಗೆ ಒಂದು ಕಡೆ 'ರೈಡಿಂಗ್ ಸ್ಕೂಲ್' ಎಂಬ ದೊಡ್ಡ ಬೋರ್ಡು. ದುಡ್ಡು ಎಣಿಸಿಕೊಂಡರು, ಕುದುರೆ ಏರಿಸಿದರು, ಸಯೀಸನೊಬ್ಬ ಹಗ್ಗ ಹಿಡಿದು ಅಂಗಳದಲ್ಲಿ ನಾಲ್ಕು ಸುತ್ತು ಸುತ್ತಿಸಿ ಇಳಿಸಿಬಿಟ್ಟ. "ಅಡ್ವಾನ್ಸ್ ಕೋರ್ಸು ಯಾವಾಗ?" ಎಂದೆ. "ಇದೇ ಸಾರ್, ಇನ್ನೂ ಜೋರಾಗಿ ಸುತ್ತಿಸ್ತೀವಿ" ಅಂದ! ಇಂಥ ಬೋರ್ಡುಗಳು ಈಗಲೂ ಇವೆ. ಇದನ್ನು ನೆನಪಿಡು, ಮುಂದೆ ಬೇಕಾಗುತ್ತದೆ.

ಕಡೆಗೆ ಸಿಕ್ಕಿದ್ದು ಒಬ್ಬ ನಿವೃತ್ತ ದಫೇದಾರರು. ಕೋಲಾರದ ಕಡೆಯವರು. ಜೈಪುರದ 61ನೇ ಕ್ಯಾವಲ್ರಿಯಲ್ಲಿ ಇದ್ದವರು. ಸೇನೆಯಲ್ಲಿ ಇಂದಿಗೂ ಕುದುರೆ ಉಳಿಸಿಕೊಂಡಿರುವ ದಳ ಅದು. 1953ರಲ್ಲಿ ಹಳೇ ಸಂಸ್ಥಾನಗಳ ಕುದುರೆ ಪಡೆಗಳನ್ನು ಸೇರಿಸಿ ಕಟ್ಟಿದ್ದು, ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಅದರೊಳಗೇ ಹೋಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಬಿಡಿಸಿದ ಸವಾರರಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರಿನವರೂ ಇದ್ದರು. ಮಷೀನ್ ಗನ್ನಿನ ಎದುರು ಭರ್ಜಿ ಹಿಡಿದು ಕುದುರೆ ನುಗ್ಗಿಸಿದರಪ್ಪಾ! ಇದನ್ನು ಯಾಕೆ ಯಾರೂ ಕನ್ನಡದಲ್ಲಿ ಭರ್ಜರಿಯಾಗಿ ಚಿತ್ರ ಮಾಡಿಲ್ಲವೋ ನಾ ಕಾಣೆ.

ದಫೇದಾರರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾವೂರು?"

"ಸಾವಳಗಿರೀ, ಜಮಖಂಡಿ ಹತ್ರ."

"ಹಂಗಾದ್ರೆ ಬಿಜಾಪುರ." (ಇವರಿಗೆ ಬೆಳಗಾವಿಯೂ ಬಿಜಾಪುರ, ಬಾಗಲಕೋಟೆಯೂ ಬಿಜಾಪುರ. 1997ರಲ್ಲಿ ಜಿಲ್ಲೆ ಬೇರೆಯಾದದ್ದು ಇನ್ನೂ ಇವರ ತನಕ ಮುಟ್ಟಿಲ್ಲ.) "ಏನು ಬರುತ್ತೆ?"

"ದೌಡಾಯಿಸ್ತೀನ್ರೀ, ಜೀನಿಲ್ಲದೆ."

"ದೌಡಾಯಿಸೋದು ಕುದುರೆ ಕೆಲಸ ಕಣಪ್ಪಾ, ನಿಂದಲ್ಲ. ಅಕೋ ಆ ಕಂಬ. ನಡಿಗೇಲಿ ಹೋಗು. ಕಂಬದ ಹತ್ತಿರ ನಿಲ್ಲಿಸು. ಲಗಾಮು ಜಗ್ಗಬೇಡ."

ಲಗಾಮು ಜಗ್ಗದೆ ಕುದುರೆ ನಿಲ್ಲಿಸೋದು! ಬ್ರೇಕ್ ಹಿಡಿಯದೆ ಬಸ್ಸು ನಿಲ್ಲಿಸು ಅಂದಂಗಾಯ್ತು. ಕುದುರೆ ಕಂಬ ದಾಟಿ, ಬೇಲಿ ತನಕ ಹೋಗಿ, ಅಲ್ಲಿ ಹುಲ್ಲು ಮೇಯುತ್ತಾ ನಿಂತಿತು. ದಫೇದಾರರು ನಗಲಿಲ್ಲ. "ನೀನು ಕುದುರೆ ಮೇಲೆ ಕೂತಿಲ್ಲಪ್ಪಾ. ಕುದುರೇನ ಹಿಡ್ಕೊಂಡಿದೀಯ. ಹಿಡಿಯೋದು ಬಿಡು, ಆಮೇಲೆ ಕೂರೋದು ಹೇಳಿಕೊಡ್ತೀನಿ" ಅಂದರು.

ತಮ್ಮಾ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಈ ಮಾತಿನಲ್ಲೇ ಇದೆ. ಮುಂದಿನ ಪಾಠ ಎಂದರೆ ಇನ್ನೂ ಜೋರು ಅಲ್ಲ, ಇನ್ನೂ ನಿಧಾನ.

ಮೂರು ತಿಂಗಳು ಅವರು ನನ್ನನ್ನು ಉದ್ದ ಹಗ್ಗಕ್ಕೆ ಹಾಕಿದರು. ಹಗ್ಗದ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ಕುದುರೆಗೆ. ಕುದುರೆ ಅವರ ಸುತ್ತ ಗಾಣದೆತ್ತಿನ ಹಾಗೆ ತಿರುಗುತ್ತದೆ. ರಿಕಾಪು ಕಿತ್ತಿಟ್ಟರು. ಲಗಾಮೂ ನನ್ನ ಕೈಗಿಲ್ಲ. ಎರಡೂ ಕೈ ಆಚೀಚೆ ಚಾಚಬೇಕು, ಬೆನ್ನು ನೆಟ್ಟಗೆ, ಮುಖ ಮುಂದೆ, ತೊಡೆ ಸಡಿಲ. ಹೇಳಿದರೆ ಸುಲಭ. ಟ್ರಾಟ್ ಶುರುವಾದ ಕೂಡಲೇ ತೊಡೆ ತಾನಾಗೇ ಬಿಗಿಯುತ್ತದೆ, ಬಿಗಿದಷ್ಟೂ ಕುದುರೆ ನಿನ್ನನ್ನು ಚೆಂಡಿನಂತೆ ಎಸೆಯುತ್ತದೆ. ಸಡಿಲ ಬಿಟ್ಟವನು ಮಾತ್ರ ಕೂತಿರುತ್ತಾನೆ. ಒಂದು ತಿಂಗಳು ನನಗೆ ಸಿನಿಮಾ ಥಿಯೇಟರಿನ ಕುರ್ಚಿಯಲ್ಲಿ ಕೂರಲೂ ಆಗುತ್ತಿರಲಿಲ್ಲ, ಎರಡು ಪಿಕ್ಚರು ಗೋಡೆಗೆ ಒರಗಿ ನಿಂತೇ ನೋಡಿದೆ!

ಆ ಮೂರು ತಿಂಗಳಲ್ಲಿ ಕಿವಿಯೂ ಕಲಿಯಿತು. ಕುದುರೆ ನಡಿಗೆಗೆ ನಾಲ್ಕು ತಾಳ. ಟ್ರಾಟಿಗೆ ಎರಡು: ಎಡ ಮುಂಗಾಲು ಬಲ ಹಿಂಗಾಲು ಒಟ್ಟಿಗೆ, ಆಮೇಲೆ ಬಲ ಮುಂಗಾಲು ಎಡ ಹಿಂಗಾಲು. ಕ್ಯಾಂಟರಿಗೆ ಮೂರು. ಪೂರ್ತಿ ದೌಡಿಗೆ ಮತ್ತೆ ನಾಲ್ಕು. ನಮ್ಮ ಹಿಂದಿನವರಿಗೆ ಇದೆಲ್ಲಾ ಗೊತ್ತಿತ್ತು. 'ಅಮರಕೋಶ'ದಲ್ಲೇ ಕುದುರೆಯ ಐದು ಗತಿಗಳಿಗೆ ಐದು ಹೆಸರುಂಟು. ಗೊತ್ತಿಲ್ಲದವರು ನಮ್ಮ ಸಿನಿಮಾದವರು. ಕುದುರೆ ಸದ್ದನ್ನು ಸ್ಟುಡಿಯೋದಲ್ಲಿ ತೆಂಗಿನ ಚಿಪ್ಪು ಬಡಿದು ಹಾಕುವ ಪದ್ಧತಿ ಹಳೆಯದು. ಮುಂದಿನ ಸಲ ಕಿವಿಗೊಟ್ಟು ಕೇಳು, ತೆರೆಯ ಮೇಲೆ ಕ್ಯಾಂಟರ್ ನಡೆದಿದ್ದರೆ ಸದ್ದು ಟ್ರಾಟಿನದು! ಒಮ್ಮೆ ಕಿವಿ ತೆರೆದವನಿಗೆ ಆ ಮೇಲೆ ಐತಿಹಾಸಿಕ ಚಿತ್ರ ನೆಮ್ಮದಿಯಾಗಿ ನೋಡಲಾಗುವುದಿಲ್ಲ.

ಅಂದ ಹಾಗೆ, ಸಿನಿಮಾ ಹುಟ್ಟಿದ್ದರಲ್ಲಿ ಕುದುರೆಗೂ ದೊಡ್ಡ ಪಾಲಿದೆ. 1878ರಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಎಂಬಾತ ಓಟದ ದಾರಿಯುದ್ದಕ್ಕೂ ಸಾಲಾಗಿ ಕ್ಯಾಮೆರಾ ಇಟ್ಟು ಓಡುವ ಕುದುರೆಯ ಫೋಟೋ ತೆಗೆದ. ಓಡುವಾಗ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುತ್ತವೆ ಎಂದು ಆಗ ಸಾಬೀತಾಯಿತು. ಆ ಚಿತ್ರಗಳನ್ನು ಒಂದರ ಹಿಂದೆ ಒಂದು ಓಡಿಸಿದಾಗ ಕುದುರೆಯೂ ಓಡಿತು. ಕ್ಯಾಮೆರಾಕ್ಕೆ ಓಡುವುದನ್ನು ಕಲಿಸಿದವರಲ್ಲಿ ಕುದುರೆಯೇ ಮೊದಲಿನದು!

ಹಗ್ಗ ಬಿಚ್ಚಿದ ಮೇಲೆ ಒಂದೊಂದಾಗಿ ಬಂದವು. ಎಡಕ್ಕೆ ಸುತ್ತುವಾಗ ಕ್ಯಾಂಟರಿನಲ್ಲಿ ಕುದುರೆಯ ಎಡ ಮುಂಗಾಲು ಮುಂದಾಗಬೇಕು, ಬಲಕ್ಕಾದರೆ ಬಲಗಾಲು. ತಪ್ಪಿದರೆ ತಿರುವಿನಲ್ಲಿ ಕುದುರೆ ಎಡವುತ್ತದೆ, ನೀನು ಗಾಳಿಯಲ್ಲಿ. ಯಾವ ಕಾಲು ಮುಂದಿದೆ ಎಂದು ಬಗ್ಗಿ ನೋಡಬಾರದು, ಕೂತಲ್ಲೇ ಸೊಂಟಕ್ಕೆ ತಿಳಿಯಬೇಕು. ನಿಲ್ಲಿಸುವಾಗ ಉಸಿರು ಬಿಟ್ಟು ಸೊಂಟ ಭಾರ ಮಾಡಿ, ಒದ್ದೆ ಬಟ್ಟೆಯನ್ನು ಮೆಲ್ಲಗೆ ಹಿಂಡಿದಷ್ಟು ಬೆರಳು ಮುಚ್ಚಿದರೆ ಸಾಕು. ಆ ಕಂಬದ ಹತ್ತಿರ ನನ್ನ ಕುದುರೆ ತಾನಾಗಿ ನಿಂತ ದಿನ ದಫೇದಾರರು ಬೀಡಿ ಹಚ್ಚಿ ಬೇರೆ ಕಡೆ ನೋಡಿದರು. ಅದು ಅವರ ಶಹಭಾಸ್!

ಇದಾದ ಮೇಲೆಯೇ ಹಾರುವುದು. ಹಾರುವುದು ಕುದುರೆಯ ಕೆಲಸ, ಹಾರುವಾಗ ಅದರ ಬಾಯಿ ಜಗ್ಗದೆ ಇರುವುದು ನಿನ್ನ ಕೆಲಸ. ಕುದುರೆ ಹಾರಿದ ದಾಖಲೆ ಎತ್ತರ ಎಷ್ಟು ಗೊತ್ತೇನು? 2.47 ಮೀಟರು, ಅಂದರೆ ಎಂಟು ಅಡಿಗೂ ಮೇಲೆ! 1949ರಲ್ಲಿ ಚಿಲಿ ದೇಶದ 'ವಾಸೋ' ಎಂಬ ಕುದುರೆ ಮಾಡಿದ್ದು, ಇವತ್ತಿಗೂ ಮುರಿದಿಲ್ಲ.

ಬೆಂಗಳೂರಿನ ಫೌವಾದ್ ಮಿರ್ಜಾ ಹೆಸರು ಕೇಳಿರಬೇಕು. 2018ರ ಜಕಾರ್ತಾ ಏಷ್ಯನ್ ಗೇಮ್ಸಿನಲ್ಲಿ ಈವೆಂಟಿಂಗ್ ಎಂಬ ಸ್ಪರ್ಧೆಯಲ್ಲಿ ಬೆಳ್ಳಿ ತಂದ ಹುಡುಗ. ಸವಾರಿಯಲ್ಲಿ ಭಾರತಕ್ಕೆ ವೈಯಕ್ತಿಕ ಪದಕ ಬಂದದ್ದು 1982ರ ದೆಹಲಿ ಏಷ್ಯನ್ ಗೇಮ್ಸ್ ಆದ ಮೇಲೆ ಅದೇ ಮೊದಲು, 36 ವರ್ಷದ ನಂತರ. ಟೋಕಿಯೋ ಒಲಿಂಪಿಕ್ಸಿನಲ್ಲಿ, 2021ರಲ್ಲಿ, ಫೈನಲ್ ತಲುಪಿ 23ನೆಯವನಾದ. ಈವೆಂಟಿಂಗ್ ಅಂದರೆ ಮೂರು ಪರೀಕ್ಷೆ: ಮೊದಲು ಅಂಗಳದಲ್ಲಿ ಕುದುರೆಯನ್ನು ನೃತ್ಯದ ಹಾಗೆ ನಡೆಸುವುದು, ಆಮೇಲೆ ಗುಡ್ಡ ಹಳ್ಳ ಬೇಲಿ ಹಾರಿಸಿ ಓಡಿಸುವುದು, ಕೊನೆಗೆ ಕಟ್ಟಿದ ಅಡ್ಡಪಟ್ಟಿಗಳನ್ನು ಬೀಳಿಸದೆ ಹಾರಿಸುವುದು. ನೋಡು, ಮೊದಲನೆಯದೇ ನಿಧಾನದ ಪರೀಕ್ಷೆ. ಫೌವಾದರ ತಂದೆ ಕುದುರೆ ವೈದ್ಯರು, ಮನೆಯಲ್ಲೇ ಕುದುರೆ ವಾತಾವರಣ. ಆದರೂ ಮುಂದಿನ ಪಾಠಕ್ಕೆ ಆತ ಜರ್ಮನಿಗೆ ಹೋಗಬೇಕಾಯಿತು! ಸಾವಳಗಿಯವನಿಗೆ ಬೆಂಗಳೂರು ಹೇಗೋ, ಬೆಂಗಳೂರಿನವನಿಗೆ ಜರ್ಮನಿ ಹಾಗೆ.

ಈಗ ಎಲ್ಲಿ ಎಂಬ ಪ್ರಶ್ನೆ. ಬೆಂಗಳೂರಿನಲ್ಲಿ ಹೆಸರುವಾಸಿ ಎಂದರೆ 1996ರಲ್ಲಿ ಶುರುವಾದ ಎಂಬೆಸಿ ಇಂಟರ್‌ನ್ಯಾಷನಲ್ ರೈಡಿಂಗ್ ಸ್ಕೂಲ್. ಊರಿನ ಉತ್ತರಕ್ಕೆ, ವಿಮಾನ ನಿಲ್ದಾಣದ ದಿಕ್ಕಿಗೆ. ಹಾರಿಸುವ ಕುದುರೆ, ಸ್ಪರ್ಧೆ, ಎಲ್ಲಾ ಉಂಟು. ಆದರೆ ಇದು ದುಡ್ಡಿನ ಆಟ, ನಿನ್ನ ಗಂಟು ಅಲ್ಲಿ ಬಹುಕಾಲ ಬಾಳುವುದಿಲ್ಲ. ಮೇಲಾಗಿ ಬೆಂಗಳೂರಿನಲ್ಲಿ ಒಂದು ಕೋಣೆಗೆ ಅಡ್ವಾನ್ಸು, ಬಾಡಿಗೆ, ಎರಡು ಹೊತ್ತಿನ ಊಟ ಎಂದು ಕೂತರೆ ಕುದುರೆ ಮುಖ ನೋಡುವ ಮೊದಲೇ ಗಂಟು ಅರ್ಧ ಕರಗಿರುತ್ತದೆ.

ದುಡ್ಡಿಲ್ಲದವನ ದಾರಿ ಹೆಬ್ಬಾಳದಲ್ಲಿದೆ. ಎನ್‌ಸಿಸಿ ಎಂದರೆ ಬರೀ ಲೆಫ್ಟ್-ರೈಟ್ ಎಂದು ತಿಳಿದವರೇ ಹೆಚ್ಚು. ಅಲ್ಲಿ ರಿಮೌಂಟ್ ಅಂಡ್ ವೆಟರ್ನರಿ ಎಂಬ ಕುದುರೆ ಘಟಕವಿದೆ. ಕಾಲೇಜು ಹುಡುಗ ಹುಡುಗಿಯರಿಗೆ ಸೇನೆಯವರೇ ಸವಾರಿ ಕಲಿಸುತ್ತಾರೆ, ಚೆನ್ನಾಗಿ ಕಲಿತವರು ದೆಹಲಿಯ ಗಣರಾಜ್ಯೋತ್ಸವ ಶಿಬಿರದಲ್ಲಿ ಸವಾರಿ ಸ್ಪರ್ಧೆಗೂ ಇಳಿಯುತ್ತಾರೆ. ನೀನು ಕಾಲೇಜು ಓದುತ್ತಿಲ್ಲ, ಸರಿ. ಆದರೆ ಈ ಪುಟ ಓದುವವರಲ್ಲಿ ಪಿಯುಸಿ ಮುಗಿಸಿ ಬೆಂಗಳೂರಿಗೆ ಬರುವವರು ಬಹಳ ಮಂದಿ. ಅವರು ಕಾಲೇಜು ಸೇರುವ ಮೊದಲೇ ಆ ಘಟಕಕ್ಕೆ ಯಾವ ಕಾಲೇಜುಗಳಿಂದ ತೆಗೆದುಕೊಳ್ಳುತ್ತಾರೆ ಎಂದು ಅಲ್ಲಿಯೇ ಹೋಗಿ ಕೇಳಿಕೊಳ್ಳಲಿ. ಸೇರಿದ ಮೇಲೆ ಕೇಳಿದರೆ ಉಪಯೋಗವಿಲ್ಲ.

ಇನ್ನೊಂದು ಮೈಸೂರು. ದಸರೆಯ ಮೆರವಣಿಗೆಯಲ್ಲೂ ಬನ್ನಿಮಂಟಪದ ಪಂಜಿನ ಕವಾಯತಿನಲ್ಲೂ ಕಾಣುವ ಅಶ್ವಾರೋಹಿ ಪೊಲೀಸರು. ದೌಡಿನಲ್ಲಿ ಬಗ್ಗಿ ನೆಲದ ಗೂಟವನ್ನು ಭರ್ಜಿಯಿಂದ ಎತ್ತುತ್ತಾರಲ್ಲ, ಅದು ಸವಾರಿ ಕಲಿಕೆಯ ಮೇಲು ಮೆಟ್ಟಿಲು. ಪೊಲೀಸು ಸೇರಿ ಅಲ್ಲಿಗೆ ತಲುಪಿದವನಿಗೆ ಕಲಿಕೆಯೂ ಉಂಟು, ಸಂಬಳವೂ ಉಂಟು. ಹತ್ತನೇ ತರಗತಿ ಪಿಯುಸಿ ಸರ್ಟಿಫಿಕೇಟು ನಿನ್ನ ಬಳಿ ಇದ್ದರೆ ಪೊಲೀಸ್ ನೇಮಕಾತಿ ಪ್ರಕಟಣೆ ಬಂದಾಗ ಬಿಡಬೇಡ. ಬೆಂಗಳೂರಿನ ರೇಸ್ ಕೋರ್ಸಿನ ಜಾಕಿಗಳ ದಾರಿ ಬೇರೆ. ಅದಕ್ಕೆ ತೂಕ ಐವತ್ತು ಕಿಲೋ ಆಚೀಚೆ ಇರಬೇಕು, ಮೀಸೆ ಬರುವ ಮೊದಲೇ ಸೇರಬೇಕು. ಜೋಳದ ರೊಟ್ಟಿ ತಿಂದ ನಮ್ಮಂಥವರಿಗಲ್ಲ.

ಇನ್ನು ಫೈಟರ್ ಆಗುವ ಮಾತು. 'ಶೋಲೆ'ಯ ಟಾಂಗಾ ಓಟ ಯಾರಿಗೆ ನೆನಪಿಲ್ಲ? 1975ರ ಚಿತ್ರ, ಬಹುಪಾಲು ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದದ್ದು. ಗಬ್ಬರನ ಕಡೆಯವರು ಕುದುರೆ ಮೇಲೆ ಬೆನ್ನಟ್ಟಿದಾಗ ಬಸಂತಿಯ ಟಾಂಗಾ ಓಡಿಸಿದ ಅಪಾಯದ ಶಾಟುಗಳಲ್ಲಿ ಇದ್ದದ್ದು ಹೇಮಾ ಮಾಲಿನಿ ಅಲ್ಲ, ರೇಷ್ಮಾ ಪಠಾಣ್ ಎಂಬ ಹೆಣ್ಣುಮಗಳು. ಆಕೆಯ ಕಥೆ ಚಿತ್ರವಾಗಿ ಬಂದದ್ದು 2019ರಲ್ಲಿ, 44 ವರ್ಷ ಆದ ಮೇಲೆ! ಡೂಪ್ ಆದವರ ಹೆಸರು ಜನಕ್ಕೆ ಮುಟ್ಟುವುದು ಹೀಗೆ, ನಿಧಾನವಾಗಿ. ಕೆಲವರದು ಮುಟ್ಟುವುದು ಅವರು ಹೋದ ಮೇಲೆ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಚಿತ್ರೀಕರಣದಲ್ಲಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಅನಿಲ್ ಮತ್ತು ಉದಯ್ ಮೇಲೆ ಬರಲಿಲ್ಲ. ಗಟ್ಟಿ ಮೈಯ ಹುಡುಗರು. ನಿನಗೆ ಹೆದರಿಸಲು ಇದನ್ನು ಬರೆದಿಲ್ಲ ತಮ್ಮಾ. "ನನಗೆ ಇದು ಬರುವುದಿಲ್ಲ" ಅಥವಾ "ಇದಕ್ಕೆ ಬೇಕಾದ ಸಾಮಾನು ಇಲ್ಲಿಲ್ಲ" ಎಂದು ಸೆಟ್ಟಿನಲ್ಲಿ ಎಲ್ಲರ ಎದುರು ಹೇಳುವುದು ಬಹಳ ಕಷ್ಟ. ಕೆಲಸ ಸರಿಯಾಗಿ ಕಲಿತವನೇ ಅದನ್ನು ಹೇಳಬಲ್ಲ.

ಕುದುರೆಗೂ ಈಗ ಕಾನೂನಿದೆ. 2001ರ ನಿಯಮಗಳ ಪ್ರಕಾರ ಚಿತ್ರದಲ್ಲಿ ಪ್ರಾಣಿ ಬಳಸಲು ಮೊದಲೇ ಅನುಮತಿ ಬೇಕು, ತಂತಿ ಕಟ್ಟಿ ಕುದುರೆ ಬೀಳಿಸುವ ಹಳೇ ಆಟ ನಡೆಯುವುದಿಲ್ಲ. ಬಹಳಷ್ಟು ಕಡೆ ಕಂಪ್ಯೂಟರ್ ಕುದುರೆಯೇ ಓಡುತ್ತದೆ. ಅಂದರೆ ಕುದುರೆ ಫೈಟರನಿಗೆ ಕೆಲಸ ಕಡಿಮೆ, ಇರುವ ಕೆಲಸಕ್ಕೆ ಬೇಕಾದವನು ಮಾತ್ರ ಪಕ್ಕಾ ಸವಾರ.

ಆದ್ದರಿಂದ ಮಗ್ಗ ಬಿಡಬೇಡ. ಕೆಲಸ ಕಡಿಮೆ ಇರುವ ವಾರ ನೋಡಿ ಜಮಖಂಡಿಯಿಂದ ರಾತ್ರಿ ಬಸ್ಸು ಹಿಡಿ, ನಾಲ್ಕು ದಿನ ಇದ್ದು ಮೂರು ನಾಲ್ಕು ಸ್ಕೂಲು ನೋಡಿ ಬಾ, ದುಡ್ಡು ಬಿಚ್ಚಬೇಡ. ಬೆಳಿಗ್ಗೆ ಆರಕ್ಕೇ ಹೋಗು, ಬಿಸಿಲೇರಿದ ಮೇಲೆ ಯಾರೂ ಪಾಠ ಮಾಡುವುದಿಲ್ಲ. ಮೊದಲು ಆಫೀಸಿಗಲ್ಲ, ಲಾಯಕ್ಕೆ ಹೋಗು. ಜೀನು ಇಳಿಸಿದ ಬೆನ್ನು ನೋಡು, ಹೊಟ್ಟೆಪಟ್ಟಿ ಉಜ್ಜುವ ಜಾಗ ನೋಡು, ಹುಣ್ಣಿದ್ದರೆ ಹಿಂದಕ್ಕೆ ಬಾ. ಹೆಲ್ಮೆಟ್ ಇಲ್ಲದೆ ಹತ್ತಿಸಿದರೂ ಹಿಂದಕ್ಕೆ ಬಾ. ಹಗ್ಗದ ಮೇಲೆ ಕೂರಿಸಿ ಪಾಠ ಮಾಡುತ್ತೀರಾ ಎಂದು ಕೇಳು, ಹೇಳಿಕೊಡುವವರು ಎಲ್ಲಿ ಕಲಿತವರು ಎಂದು ಕೇಳು. ಹಾರುವುದನ್ನು ಬಲ್ಲ ಹಳೇ ಕುದುರೆ ಎಷ್ಟಿವೆ ಎಂದು ಕೇಳುವುದನ್ನು ಮಾತ್ರ ಮರೆಯಬೇಡ. ಏಕೆಂದರೆ ಅಲ್ಲಿಂದ ಮುಂದೆ ಮೇಷ್ಟ್ರು ಮನುಷ್ಯನಲ್ಲ, ಕುದುರೆ. ಏನೂ ಅರಿಯದ ಕುದುರೆ ಮೇಲೆ ಏನೂ ಅರಿಯದವನು ಕೂತರೆ ಇಬ್ಬರೂ ಆಸ್ಪತ್ರೆಗೆ. ಲಾಯ ಗುಡಿಸಿ, ಕುದುರೆ ಮೈ ಉಜ್ಜಿ, ಮೇವು ಹಾಕುವ ಕೆಲಸಕ್ಕೆ ಪ್ರತಿಯಾಗಿ ಪಾಠ ಕೊಡುತ್ತೀರಾ ಎಂದು ಕೇಳಲು ನಾಚಬೇಡ. ಹಾಗೆ ಒಪ್ಪುವವರು ಇದ್ದಾರೆ, ದಫೇದಾರರು ನನಗೆ ಒಪ್ಪಿದರು.

ಹೋಗುವ ತನಕ ಊರಲ್ಲೇ ಒಂದು ಕೆಲಸ ಮಾಡು. ಈ ಸಲ ಕುರಿ ತರುಬಿದಾಗ ಆ ತಟ್ಟನ್ನು ಓಡಿಸಬೇಡ. ನಡಿಗೆಯಲ್ಲಿ ಹೋಗಿ, ಹಗ್ಗ ಜಗ್ಗದೆ ಬದುವಿನ ಹತ್ತಿರ ನಿಲ್ಲಿಸು. ಎಷ್ಟು ದಿನ ಹಿಡಿಯಿತು ಎಂದು ನನಗೆ ಕಾಗದ ಬರಿ.

ಮುಂದಿನ ವಾರ: ಕತ್ತಿ ವರಸೆ ಕಲಿಯಲು ಗಾಂಧಿನಗರ ಸುತ್ತಿದ ಇಳಕಲ್ಲಿನ ಹುಡುಗನ ಪ್ರಶ್ನೆ.